ಸಭಾರಂಭ ವಿಧಿ

ಸಭೆಯ ಕಲಾಪಕ್ಕೆ ಮುನ್ನ ನೆರೆದವರು ಒಟ್ಟಾಗಿ ನೆರವೇರಿಸುವ ಅಥವಾ ಎದ್ದುನಿಂತು ಸಾಕ್ಷಿಯಾಗುವ ಸಾಂಕೇತಿಕ ಕ್ರಿಯೆ. ಚದುರಿದ ಜನರನ್ನು ಸಭಿಕರನ್ನಾಗಿಸುವುದು ಇದರ ಮುಖ್ಯ ಕಾರ್ಯ. ಕರ್ನಾಟಕದ ಸಾರ್ವಜನಿಕ ಸಭೆಗಳಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ (ಸಭೆಯ ಉದ್ದೇಶ ತಿಳಿಸುವ ಕಿರುಭಾಷಣ) ಹಾಗೂ ದೀಪ ಬೆಳಗುವಿಕೆ ರೂಢಿಯಲ್ಲಿವೆ. ಉದ್ಘಾಟಕರು ಮೊದಲ ಬತ್ತಿ ಹೊತ್ತಿಸಿ, ಉರಿಯುವ ಮೇಣದಬತ್ತಿಯನ್ನು ವೇದಿಕೆಯ ಉಳಿದ ಗಣ್ಯರಿಗೆ ದಾಟಿಸುವ ಕ್ರಮವು ಮೇಲ್ನೋಟಕ್ಕೆ ಸಮಭಾವದ್ದೆನಿಸಿದರೂ, ಅದು ಕೈಯಿಂದ ಕೈಗೆ ಹೋಗುವ ಸರದಿಯು ಸ್ಥಾನಮಾನಗಳ ಶ್ರೇಣಿಯನ್ನೇ ತೋರಿಸಿಕೊಡುತ್ತದೆ. ಆಹ್ವಾನ ಪತ್ರಿಕೆಯ ಹೆಸರುಗಳ ಅನುಕ್ರಮದ ಬಗೆಗಿನ ಮುನಿಸು ಹಲವೊಮ್ಮೆ ಇಲ್ಲಿಯೂ ಮುಂದುವರಿಯುವುದುಂಟು.

ಸರ್ಕಾರಿ ಸಮಾರಂಭಗಳಲ್ಲಿ ಕುವೆಂಪು ರಚಿಸಿದ, 2004ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಗೀತೆಯನ್ನು ಹಾಡಲಾಗುತ್ತದೆ. ಗಾಯನವು ಅತಿಯಾಗಿ ದೀರ್ಘವಾಗುತ್ತದೆಂಬ ಆಕ್ಷೇಪಗಳ ತರುವಾಯ, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಸರ್ಕಾರ ನಿಗದಿಪಡಿಸಿತು. 1915ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಈಗ ರಾಷ್ಟ್ರಧ್ವಜ, ನಾಡಧ್ವಜ ಮತ್ತು ಸಮ್ಮೇಳನ ನಡೆಸುವ ಕನ್ನಡ ಸಾಹಿತ್ಯ ಪರಿಷತ್ತಿನ ಧ್ವಜಗಳ ಆರೋಹಣದ ಬಳಿಕ ಸಮ್ಮೇಳನಾಧ್ಯಕ್ಷರ ಮೆರವಣಿಗೆ ನಡೆಯುತ್ತದೆ. ಪೂಜಾರೂಪದ ಆರಂಭವನ್ನು ಒಪ್ಪದ ವಿಚಾರವಾದಿ, ದಲಿತ ಹಾಗೂ ರೈತ ಸಂಘಟನೆಗಳು ತಮಟೆ ಬಾರಿಸುವುದು, ಹೋರಾಟದ ಹಾಡು ಹಾಡುವುದು, ಗಿಡಕ್ಕೆ ನೀರೆರೆಯುವುದು, ಸಂವಿಧಾನದ ಪೀಠಿಕೆಯನ್ನು ಓದುವುದು ಮುಂತಾದ ಬದಲಿ ವಿಧಿಗಳನ್ನು ರೂಢಿಸಿಕೊಂಡಿವೆಯೇ ಹೊರತು, ವಿಧಿಯನ್ನೇ ಪೂರ್ತಿಯಾಗಿ ಕೈಬಿಟ್ಟ ಉದಾಹರಣೆಗಳು ವಿರಳ.