‘ಸಂಸ್ಕಾರ’ ಚಲಚ್ಚಿತ್ರದಲ್ಲಿ ಜಾತಿಭೇದವೂ ಪುರುಷಧರ್ಮವೂ

ವರ್ಣಭೇದವು ಪುರುಷನ ಪರಂಪರಾಗತ ಕರ್ತವ್ಯಗಳನ್ನು ಹೇಗೆ ತೊಡಕಿಗೆ ಸಿಲುಕಿಸುವುದೆಂಬ ವಿಚಾರವು ಅಮೆರಿಕದ ಚಲಚ್ಚಿತ್ರಗಳಲ್ಲಿ ಕಂಡುಬರುವುದು. 1967ರ ಒಂದು ಚಿತ್ರದಲ್ಲಿ ಸಿಡ್ನಿ ಪಾಯಟಿಯರ್ ಅಭಿನಯಿಸಿದ ಕರಿಯ ವೈದ್ಯನು, ವಿದ್ಯೆ ಕೀರ್ತಿಗಳೆರಡೂ ಇದ್ದಾಗ್ಯೂ, ಬಿಳಿಯ ಕನ್ಯೆಯ ತಂದೆತಾಯಿಗಳ ಒಪ್ಪಿಗೆಗೆ ಕಾದು ನಿಲ್ಲಬೇಕಾಗುವುದು. ನಮ್ಮಲ್ಲಿ ಆ ಸ್ಥಾನದಲ್ಲಿರುವುದು ಜಾತಿ. 1975ರ ‘ಚೋಮನ ದುಡಿ’ಯಲ್ಲಿ ಚೋಮನಿಗೆ ಎತ್ತುಗಳುಂಟು, ಉಳುವ ಹಂಬಲವುಂಟು, ನೆಲವಿಲ್ಲ. ಇದು ಭೇದಕ್ಕೆ ಗುರಿಯಾದವನ ಪಾಡು. ಭೇದವನ್ನು ಕಾಯ್ದುಕೊಂಡವನ ಪೌರುಷವೂ ಕೆಡುವುದೆಂಬುದಕ್ಕೆ, ಸಾಗರ ಹೊಸನಗರ ತೀರ್ಥಹಳ್ಳಿಗಳ ಮಲೆಸೀಮೆಯವರೇ ಬರೆದ ಕಥೆಯೊಂದು ನಿದರ್ಶನವಾಗಿದೆ.

ತೀರ್ಥಹಳ್ಳಿ ತಾಲ್ಲೂಕು ಮೇಳಿಗೆಯಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವಾಗಿಸಿದರು. ಸೆನ್ಸಾರ್ ಮಂಡಲಿಯು ಮೊದಲು ತಡೆದು ಬಳಿಕ ಬಿಟ್ಟಿತು. ರಾಷ್ಟ್ರಪತಿಗಳ ಸ್ವರ್ಣಪದಕವೂ ಲಭಿಸಿತು.

ಆಚಾರಭ್ರಷ್ಟನಾದ ನಾರಣಪ್ಪನು ಸತ್ತು ಬಿದ್ದಿರುವನು. ಅಗ್ರಹಾರದ ಗಂಡಸರು ಶವವನ್ನು ಮುಟ್ಟಲೊಲ್ಲರು. ಚಂದ್ರಿಯು ಖರ್ಚಿಗೆಂದು ಒಡವೆಗಳನ್ನು ಮುಂದಿಟ್ಟೊಡನೆ ಅಧಿಕಾರವು ತಮ್ಮದೆನ್ನುವರು. ಪ್ರಾಣೇಶಾಚಾರ್ಯನು ಗ್ರಂಥಗಳನ್ನು ತಿರುವಿಹಾಕಿಯೂ ಉತ್ತರ ಕಾಣನು. ಪಾಠಶಾಲೆಯಲ್ಲಿ ಧರ್ಮಶಾಸ್ತ್ರವನ್ನೋದಿದ ನನಗೆ ಇಲ್ಲಿಯೇ ಸಂದೇಹವುಂಟಾಗುವುದು. ಅನಾಥಬ್ರಾಹ್ಮಣನ ಶವವನ್ನು ಹೊತ್ತ ದ್ವಿಜರಿಗೆ ಹೆಜ್ಜೆಹೆಜ್ಜೆಗೂ ಯಜ್ಞಫಲವುಂಟೆಂದು ಪರಾಶರಸ್ಮೃತಿಯು ಹೇಳುತ್ತದೆ. ನಾರಣಪ್ಪನು ಪತಿತನಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಅವನಿಗೆ ಬಹಿಷ್ಕಾರವೇ ಆಗಿರಲಿಲ್ಲ! ಬಹಿಷ್ಕರಿಸಿದರೆ ಮುಸಲ್ಮಾನನಾಗುವೆನೆಂದು ಅವನು ಬೆದರಿಸಿದ್ದನು; ಇವರು ಬೆದರಿದ್ದರು. ಆದಕಾರಣ ತಡೆದದ್ದು ಶಾಸ್ತ್ರವಲ್ಲ, ಮೈಲಿಗೆಯ ಭಯ. ಈ ಚಿತ್ರವು ಬ್ರಾಹ್ಮಣದ್ವೇಷದ ಫಲವೆಂಬವರ ಮಾತು ನನಗೆ ಒಪ್ಪಿಗೆಯಾಗದು.

ಆಚಾರ್ಯನ ಸ್ಥಿತಿಯು ಇನ್ನೂ ಕ್ಲಿಷ್ಟವಾದುದು. ರೋಗಿಯಾದ ಭಾಗೀರಥಿಯನ್ನು ಬೇಕೆಂದೇ ವರಿಸಿ, ಗೃಹಸ್ಥನಾಗಿಯೂ ವಿರಕ್ತನಾಗಿರುವುದನ್ನೇ ಅವನು ಪುರುಷಾರ್ಥವೆಂದು ಬಗೆದಿದ್ದನು. ಕುಂದಾಪುರದ ಚಂದ್ರಿಯ ಸ್ಪರ್ಶದಿಂದ ಆ ಕಟ್ಟು ಸಡಿಲವಾಯಿತು. ಅತ್ತ ಶವದ ಕರ್ಮವು ಯಾರ ಪಾಲಾಯಿತು? ಗಂಡಸರೆಲ್ಲರೂ ನಿರ್ಣಯಕ್ಕೆ ಕಾಯುತ್ತಿರಲು, ಆ ಹೆಂಗಸೇ ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರಿಯಲ್ಲಿ ದಹನ ಮಾಡಿಸಿದಳು. ಇದನ್ನರಿಯದೆ ಅಗ್ರಹಾರವು ಮತ್ತೂ ಚರ್ಚಿಸುತ್ತಲೇ ಇದ್ದಿತು.

ಅದೇ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರು, ಅನಂತಮೂರ್ತಿಯವರದೇ ಇನ್ನೊಂದು ಕಥೆಯಿಂದ 1977ರಲ್ಲಿ ತೆಗೆದ ‘ಘಟಶ್ರಾದ್ಧ’ದಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ಸತ್ತವನಿಗೆ ಕರ್ಮ ದೊರೆಯದು. ಇಲ್ಲಿ ಬದುಕಿರುವ ಮಗಳಿಗೆ ಹೆತ್ತ ತಂದೆಯೇ ಶ್ರಾದ್ಧವನ್ನು ಮಾಡುವನು.