ಹತ್ತಿಯ ದರ, ಓಸಿಯ ಅಂಕಿ

ನಾನು ಸಣ್ಣವನಿದ್ದಾಗ ಅಳ್ನಾವರದ ಚಹಾದಂಗಡಿಯಲ್ಲಿ ಸಂಜೆಯಾದರೆ ಒಂದೇ ಪ್ರಶ್ನೆ: "ಓಪನ್ ಏನ್ ಬಂತಪಾ?" ನಮ್ಮ ಕಾಕಾ ದಿನದ ಪಗಾರದಲ್ಲಿ ಹತ್ತು ರೂಪಾಯಿ ತೆಗೆದಿಟ್ಟು ಚೀಟಿ ಬರೆಸುತ್ತಿದ್ದ. 'ಕ್ಲೋಜ್' ಬರುವ ತನಕ ಅವನಿಗೆ ನಿದ್ದೆಯಿಲ್ಲ. ಈ ಓಪನ್, ಕ್ಲೋಜ್ ಎಲ್ಲಿಂದ ಬಂದವು ಎಂದು ನಾವ್ಯಾರೂ ಕೇಳಿರಲಿಲ್ಲ. ಮುಂದೆ ಸಂಶೋಧನೆಗಾಗಿ ಧಾರವಾಡ ಸೀಮೆಯ ಹತ್ತಿಯ ಇತಿಹಾಸ ಓದತೊಡಗಿದಾಗ ಅದರ ಜಾಡು ಸಿಕ್ಕಿತು.

ನಮ್ಮ ಅಳ್ನಾವರ ಕಾಡಂಚಿನ ಭತ್ತದ ಊರು. ಹತ್ತಿ ಬೆಳೆಯುವುದು ಮೂಡಣದ ನವಲಗುಂದ, ಅಣ್ಣಿಗೇರಿಯ ಎರೆ ಭೂಮಿಯಲ್ಲಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೀಜವನ್ನು ಈ ಸೀಮೆಯಲ್ಲಿ ಬಿತ್ತಿಸಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ ಇಲ್ಲಿಯ ಹತ್ತಿಯ ಬೆಲೆಯನ್ನು ಏರಿಸಿತು. ಯುದ್ಧ ಮುಗಿದಾಗ ಬೆಲೆ ಬಿತ್ತು. ತನ್ನ ಬೆಳೆಯ ದರ ಕಾಣದ ಊರಲ್ಲಿ ನಿಶ್ಚಯವಾಗುತ್ತದೆ ಎಂಬುದನ್ನು ನಮ್ಮ ರೈತ ಆಗಲೇ ಕಲಿತಿದ್ದ.

ಆ ದರವೇ ಮುಂದೆ ಜೂಜಾಯಿತು. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳು ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನ ಹಣ ಕಟ್ಟತೊಡಗಿದರು. ಓಪನ್ ಮತ್ತು ಕ್ಲೋಜ್ ಎರಡೂ ಸೇರಿ 'ಓಸಿ'. 1961ರಲ್ಲಿ ದರ ಬರುವುದು ನಿಂತಿತು, ಆದರೆ ಆಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ವರ್ಲಿಯ ಹೆಸರಿನಲ್ಲಿ ತಮ್ಮದೇ ಅಂಕಿ ತೆಗೆಯಲು ಶುರು ಮಾಡಿದರು. ಚೀಟಿಗಳನ್ನು ಹಾಕಿ ಎತ್ತುತ್ತಿದ್ದ ಮಡಕೆಯಿಂದ 'ಮಟಕಾ' ಎಂಬ ಹೆಸರು ಬಂತು. ಆಮೇಲೆ ಇಸ್ಪೀಟಿನ ಎಲೆ ಬಂದವು. ಹತ್ತಿ ಹೋಯಿತು, ಹತ್ತಿಪೇಟೆಯ ಮಾತು ಉಳಿಯಿತು. ಮುಂಬಯಿಯ ಗಿರಣಿ ಕಾರ್ಮಿಕರು ಈ ಆಟದ ದೊಡ್ಡ ಗಿರಾಕಿಗಳಾದರು. 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದ ಧಾರವಾಡಕ್ಕೆ ಅಲ್ಲಿಯ ಮಾತು ಹೊಸದಲ್ಲ.

ಆಟ ತಿಳಿಯುವುದು ಸುಲಭ. ಮೂರು ಅಂಕಿ ತೆಗೆಯುತ್ತಾರೆ, ಕೂಡಿಸುತ್ತಾರೆ, ಮೊತ್ತದ ಕೊನೆಯ ಅಂಕಿಯೇ ಓಪನ್. 4, 6, 8 ಬಂದರೆ ಮೊತ್ತ 18, ಓಪನ್ 8. ಹೀಗೆಯೇ ಇನ್ನೊಮ್ಮೆ ತೆಗೆದರೆ ಕ್ಲೋಜ್. ಎರಡೂ ಸೇರಿದರೆ ಜೋಡಿ. ಒಂದು ರೂಪಾಯಿಗೆ ಎಂಬತ್ತು ಎಂದು ಕೂಗಿ ಜೋಡಿಯ ಚೀಟಿ ಬರೆಯುತ್ತಾರೆ.

ಈಗ ಲೆಕ್ಕ ಹಾಕೋಣ. 00ರಿಂದ 99ರವರೆಗೆ ಜೋಡಿ ನೂರು, ಕೊಡುವುದು ಎಂಬತ್ತು. ದಿನಕ್ಕೆ ಹತ್ತು ರೂಪಾಯಿಯಂತೆ ನೂರು ದಿನ ಕಟ್ಟಿದರೆ ಸಾವಿರ ಹೋಗುತ್ತದೆ. ಸರಾಸರಿ ಒಮ್ಮೆ ಹತ್ತಿದರೆ ಎಂಟುನೂರು ಬರುತ್ತದೆ. ಉಳಿದ ಇನ್ನೂರು ಬುಕ್ಕಿಯದು. ಅದೂ ಸರಾಸರಿಯ ಮಾತು: ಹೀಗೆ ಆಡಿದ ನೂರು ಜನರಲ್ಲಿ ಸುಮಾರು 37 ಜನರಿಗೆ ಒಮ್ಮೆಯೂ ಹತ್ತುವುದಿಲ್ಲ. ಹಳೆಯ ಅಂಕಿಗಳ ಚಾರ್ಟ್ ನೋಡಿ ನಾಳೆಯದನ್ನು ಊಹಿಸುವವರಿದ್ದಾರೆ. ಆದರೆ ಇಸ್ಪೀಟಿನ ಎಲೆಗೆ ನಿನ್ನೆಯ ನೆನಪಿರುವುದಿಲ್ಲ.

ಓಸಿ ಇಂದಿಗೂ 1963ರ ಪೊಲೀಸ್ ಕಾಯ್ದೆಯ 78ನೇ ಕಲಮಿನಡಿ ಅಪರಾಧ. 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಆದರೂ ಹಾಸ್ಟೆಲಿನ ಹುಡುಗರು ಮೊಬೈಲು ಹಿಡಿದು, "ಅಣ್ಣಾ, ಯಾವ ಮ್ಯಾಚಿಗೆ ಹಾಕೋಣ?" ಎಂದು ಕೇಳುತ್ತಾರೆ.

ಅವರಿಗೆ ಕಾಕಾನ ನೋಟ್‌ಬುಕ್ಕಿನ ಕಥೆ ಹೇಳುತ್ತೇನೆ. ಅವನು ತೀರಿಕೊಂಡ ಮೇಲೆ ಅದು ಟ್ರಂಕಿನಲ್ಲಿ ಸಿಕ್ಕಿತು. ವರ್ಷಗಟ್ಟಲೆಯ ಓಪನ್, ಕ್ಲೋಜ್ ಎಲ್ಲ ತಾರೀಖಿನೊಡನೆ ಬರೆದಿದ್ದ, ಒಂದು ದಿನವೂ ತಪ್ಪಿಲ್ಲ. ಕಟ್ಟಿದ್ದೆಷ್ಟು, ಬಂದದ್ದೆಷ್ಟು ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಆ ಲೆಕ್ಕ ಗೊತ್ತಿದ್ದದ್ದು ಕಾಕಿಗೆ. ಸಂತೆಯ ದಿನ ಅವಳ ಚೀಲ ಅರ್ಧವೇ ತುಂಬಿ ಬರುತ್ತಿತ್ತು.