ಮಾರ್ಕಮ್ ಬರೆದುಕೊಟ್ಟ ಮುಚ್ಚಳಿಕೆ

1617ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಒಬ್ಬ ಲೇಖಕನಿಂದ ಮುಚ್ಚಳಿಕೆ ಬರೆಸಿಕೊಂಡರು. ಕುದುರೆ, ದನ, ಕುರಿ, ಹಂದಿ, ಮೇಕೆಗಳ ರೋಗ ಮತ್ತು ಚಿಕಿತ್ಸೆಯ ಬಗ್ಗೆ ಇನ್ನು ಮುಂದೆ ಯಾವ ಪುಸ್ತಕವನ್ನೂ ಬರೆಯುವುದಿಲ್ಲ ಎಂಬುದು ಅದರ ಸಾರ. ಬರೆದುಕೊಟ್ಟವನು ಜರ್ವೇಸ್ ಮಾರ್ಕಮ್. ಪಶುಚಿಕಿತ್ಸೆಯ ಇತಿಹಾಸ ಓದುವವರಿಗೆ ಇವನು ತಪ್ಪದೆ ಎದುರಾಗುತ್ತಾನೆ. ನನಗಂತೂ ಇವನ ಮೇಲೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚು.

ಮಾರ್ಕಮ್ ಪಶುವೈದ್ಯನಲ್ಲ. ಆಗ ಇಂಗ್ಲೆಂಡಿನಲ್ಲಿ ಅಂಥ ವೃತ್ತಿಯೇ ಇರಲಿಲ್ಲ. ಅವನು ಸೈನಿಕನಾಗಿದ್ದವನು, ಪದ್ಯ ಬರೆದವನು, ನಾಟಕಕ್ಕೂ ಕೈ ಹಾಕಿದವನು. ಕುದುರೆಯ ಹುಚ್ಚು ಮಾತ್ರ ನಿಜವಾದದ್ದು. 1593ರಲ್ಲಿ ಕುದುರೆ ಸವಾರಿಯ ಬಗ್ಗೆ ಮೊದಲ ಪುಸ್ತಕ ತಂದ. 1610ರಲ್ಲಿ ಕುದುರೆಯ ಸಕಲ ರೋಗಗಳಿಗೂ ಮದ್ದು ಹೇಳುವ ದೊಡ್ಡ ಪುಸ್ತಕ ಬಂತು. ಆಮೇಲೆ ಅದೇ ಸರಕನ್ನು ತಿರುಗಿಸಿ ಮುರುಗಿಸಿ, ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಪ್ರಕಾಶಕರಿಗೆ ಕೊಡುತ್ತ ಹೋದ. ಒಬ್ಬನ ಅಂಗಡಿಯಲ್ಲಿ ಹಳೆಯ ಪ್ರತಿಗಳು ಹಾಗೇ ಕೂತಿರುವಾಗಲೇ ಪಕ್ಕದವನ ಅಂಗಡಿಯಲ್ಲಿ ಅವನದೇ ಹೊಸ ಪುಸ್ತಕ. ವ್ಯಾಪಾರಿಗಳು ರೇಗಿದ್ದು ಇದಕ್ಕೆ. ಕುದುರೆಗಳು ಬದುಕಿದವೋ ಸತ್ತವೋ ಎಂಬ ಚಿಂತೆಯಿಂದ ಯಾರೂ ಆ ಕಾಗದ ಬರೆಸಿಕೊಳ್ಳಲಿಲ್ಲ.

ಈ ಮುಚ್ಚಳಿಕೆ ಈಚೆಗೆ ಪದೇ ಪದೇ ನೆನಪಾಗುತ್ತದೆ. ಹೆಸರಿನ ಹಿಂದೆ ‘ಡಾ.’ ಹಾಕಿಕೊಂಡು, ಕೊರಳಿಗೆ ಸ್ಟೆತಾಸ್ಕೋಪ್ ಇಳಿಬಿಟ್ಟ ಫೋಟೋ ಇಟ್ಟು, ನಾಯಿ ಬೆಕ್ಕುಗಳ ರೋಗಕ್ಕೆ ಮೊಬೈಲಿನಲ್ಲೇ ಮದ್ದು ಹೇಳುವವರು ಈಗ ಕಡಿಮೆಯಿಲ್ಲ. ಅವರಲ್ಲಿ ನಿಜವಾದ ಪಶುವೈದ್ಯರೂ ಇದ್ದಾರೆ, ಆಹಾರದ ಪೊಟ್ಟಣ ಮಾರುವವರೂ ಇದ್ದಾರೆ, ಎರಡು ನಾಯಿ ಸಾಕಿದ ಅನುಭವವನ್ನೇ ಪದವಿ ಎಂದುಕೊಂಡವರೂ ಇದ್ದಾರೆ. ಹೊರಗಿನಿಂದ ನೋಡುವವರಿಗೆ ಮೂವರೂ ಒಂದೇ ಥರ ಕಾಣುತ್ತಾರೆ.

ತಪ್ಪು ಸಲಹೆ ಎಷ್ಟು ಕಾಲ ಬದುಕಬಲ್ಲದು ಎಂಬುದಕ್ಕೆ ನಾಯಿಯ ನಾಲಿಗೆಯ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಾಯಿಯ ನಾಲಿಗೆಯ ಕೆಳಗೆ ಒಂದು ಹುಳು ಇರುತ್ತದೆ, ಮರಿಯಾಗಿದ್ದಾಗಲೇ ಅದನ್ನು ಕಿತ್ತುಹಾಕಿದರೆ ನಾಯಿಗೆ ಹುಚ್ಚು ಹಿಡಿಯುವುದಿಲ್ಲ ಎಂದು ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಬರೆದಿಟ್ಟ. ನಾಲಿಗೆಯ ಅಡಿಯಲ್ಲಿ ಎಳೆಯಂಥದ್ದೊಂದು ಇರುವುದು ನಿಜ. ಆದರೆ ಅದು ಹುಳುವಲ್ಲ, ನಾಲಿಗೆಗೆ ಆಸರೆಯಾಗಿರುವ ಅದರದೇ ಅಂಗ. ಹೊರಗೆಳೆದಾಗ ಸುರುಳಿಕೊಳ್ಳುವುದರಿಂದ ಜೀವವಿದ್ದಂತೆ ತೋರುತ್ತದೆ. ಕಣ್ಣಾರೆ ಕಂಡ ಮೇಲೆ ಇನ್ನೇನು ಸಾಕ್ಷಿ ಬೇಕು? ಹದಿನೆಂಟು ಶತಮಾನಗಳ ಕಾಲ ಯುರೋಪಿನಲ್ಲಿ ನಾಯಿಮರಿಗಳ ಬಾಯಿಗೆ ಚಾಕು ಹಾಕಿದರು. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಪದ್ಧತಿಗೆ ಅರ್ಥ ಕೊಡುತ್ತ, ತೆಗೆಯುವುದು ಏನನ್ನು, ಅದರಿಂದ ರೋಗ ತಪ್ಪುವುದು ಹೇಗೆ ಎಂಬೆರಡೂ ಯಾರಿಗೂ ತಿಳಿಯದೆಂದು ಕುಟುಕಿದ. ಆಮೇಲೂ ಅದು ನಿಲ್ಲಲಿಲ್ಲ. ಯಾಕೆಂದರೆ ಹುಚ್ಚು ಹಿಡಿಯುವ ನಾಯಿಗಳು ಯಾವಾಗಲೂ ಕೆಲವೇ. ನಾಲಿಗೆ ಕೊಯ್ಸಿಕೊಂಡ ನೂರು ನಾಯಿಗಳಲ್ಲಿ ಬಹುಪಾಲು ಹೇಗೂ ಹುಚ್ಚಿಲ್ಲದೆಯೇ ಬದುಕುತ್ತಿದ್ದವು. ಆ ಯಶಸ್ಸೆಲ್ಲ ಚಾಕು ಹಿಡಿದವನ ಲೆಕ್ಕಕ್ಕೆ ಜಮೆಯಾಯಿತು. ತಾನಾಗಿ ವಾಸಿಯಾಗುವ ಭೇದಿಗೆ, ತಾನಾಗಿ ಇಳಿಯುವ ಜ್ವರಕ್ಕೆ ಮದ್ದು ಹೇಳುವವರ ಕೀರ್ತಿಯೂ ಹೀಗೇ ಬೆಳೆಯುತ್ತದೆ.

ನಮ್ಮಲ್ಲೂ ಹಳೆಯ ಪುಸ್ತಕಗಳಿವೆ. ಚಾಲುಕ್ಯ ರಾಜಮನೆತನದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆದಿಯಲ್ಲಿ ‘ಗೋವೈದ್ಯ’ ಬರೆದ. ಕನ್ನಡದಲ್ಲಿ ನಮಗೆ ತಿಳಿದಿರುವ ಮೊದಲ ಪಶುವೈದ್ಯ ಗ್ರಂಥ ಅದು. ಅದರಲ್ಲಿ ಔಷಧವೂ ಮಂತ್ರವೂ ಬೆರೆತಿವೆ. ಅದನ್ನು ನೋಡಿ ನಗುವ ಅವಸರ ನನಗಿಲ್ಲ. ರಾಜಮನೆತನದವನೊಬ್ಬ ಹಸುವಿನ ಕಾಯಿಲೆಯ ಬಗ್ಗೆ ಆಡುಮಾತಿನ ನಾಡಿನಲ್ಲಿ, ನಾಡಿನ ಭಾಷೆಯಲ್ಲೇ ಬರೆಯಬೇಕೆಂದುಕೊಂಡದ್ದು ದೊಡ್ಡ ಸಂಗತಿ. ಆದರೆ ಗೊತ್ತಿರುವುದು ಮುಗಿದು ಗೊತ್ತಿಲ್ಲದ್ದು ಶುರುವಾಗುವ ಗೆರೆ ಎಲ್ಲಿದೆ ಎಂದು ಓದುವವನಿಗೆ ಅಂಥ ಗ್ರಂಥ ಹೇಳುವುದಿಲ್ಲ. ಬೇರು ತೇಯ್ದು ಕುಡಿಸುವುದು, ಮಂತ್ರ ಉಸುರುವುದು ಎರಡಕ್ಕೂ ಒಂದೇ ದನಿ.

ನನ್ನ ಅಜ್ಜಿಯ ಊರಿನಲ್ಲಿ ದನಗಳಿಗೆ ಮದ್ದು ಕೊಡುತ್ತಿದ್ದ ಮುದುಕರೊಬ್ಬರಿದ್ದರು. ಚಪ್ಪೆ ರೋಗ, ಗಳಲೆ, ಕಾಲುಬಾಯಿ ಜ್ವರ ಇವನ್ನು ದೂರದಿಂದಲೇ ಗುರುತಿಸುತ್ತಿದ್ದರಂತೆ. ಕೊಟ್ಟಿಗೆಗೆ ಬಂದು ದನದ ಕಿವಿ ಮುಟ್ಟಿ, ಮೂತಿಯ ಪಸೆ ನೋಡಿ, ಸಗಣಿ ಕೆದಕಿ, ಮೆಲುಕು ಹಾಕುತ್ತಿದೆಯೋ ಎಂದು ಕೂತು ಕಾಯುತ್ತಿದ್ದರು. ಕೆಲವೊಮ್ಮೆ “ಇದು ನನ್ನ ಕೈಲಾಗೋದಲ್ಲವ್ವ, ದನದ ಡಾಕ್ಟರನ್ನ ಕರೆಸು” ಎನ್ನುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಅವರ ಮದ್ದುಗಳೆಲ್ಲ ಸರಿಯಿದ್ದವು ಎಂದು ನಾನು ಹೇಳಲಾರೆ. ಆದರೆ ಅವರು ಅದೇ ಊರಿನವರು. ಹಸು ಸತ್ತರೆ ಮರುದಿನ ಅದೇ ಬೀದಿಯಲ್ಲಿ, ಅದೇ ಅಜ್ಜಿಯ ಎದುರು ಹಾದುಹೋಗಬೇಕು. ಆ ಒಂದು ಸಂಕೋಚ ಅವರ ಕೈಯನ್ನು ಎಷ್ಟೋ ಸಲ ತಡೆದಿರಬೇಕು.

ಭಯ ಹೆಚ್ಚಿದಾಗ ಈ ಸಂಕೋಚ ಹೇಗೆ ಹಾರಿಹೋಗುತ್ತದೆ ಎಂಬುದನ್ನು 1865ರ ಇಂಗ್ಲೆಂಡಿನಲ್ಲಿ ನೋಡಬಹುದು. ಆ ವರ್ಷ ಬಾಲ್ಟಿಕ್ ತೀರದಿಂದ ಹಡಗಿನಲ್ಲಿ ಬಂದ ದನಗಳ ಜೊತೆ ರಿಂಡರ್‌ಪೆಸ್ಟ್, ಅಂದರೆ ನಮ್ಮ ರೈತರು ‘ದೊಡ್ಡ ರೋಗ’ ಎನ್ನುತ್ತಿದ್ದ ಜಾಡ್ಯ, ಹಲ್ ಬಂದರಿಗೆ ಇಳಿದು ಲಂಡನ್ನಿನ ದನದ ಸಂತೆಯ ಮೂಲಕ ದೇಶಕ್ಕೆಲ್ಲ ಹರಡಿತು. ಹೊರಗಿನಿಂದ ಬರುವ ದನಗಳ ಅಪಾಯದ ಬಗ್ಗೆ ಜಾನ್ ಗ್ಯಾಮ್ಜಿ ಎಂಬ ಪಶುವೈದ್ಯ ಮೊದಲೇ ಎಚ್ಚರಿಸಿದ್ದ. 1863ರಲ್ಲಿ ಹ್ಯಾಂಬರ್ಗಿನಲ್ಲಿ ದೇಶದೇಶಗಳ ಪಶುವೈದ್ಯರ ಸಭೆ ಸೇರಿಸಿದವನೂ ಅವನೇ. ಅವನ ಮಾತು ಯಾರಿಗೂ ರುಚಿಸಲಿಲ್ಲ. ಅವನು ಹೇಳುತ್ತಿದ್ದುದು ಮದ್ದಲ್ಲ, ನಿರ್ಬಂಧ: ಸಾಗಣೆ ನಿಲ್ಲಿಸಿ, ಸೋಂಕಿದ ದನವನ್ನು ಕೊಲ್ಲಿ.

ಜನರಿಗೆ ಬೇಕಿದ್ದದ್ದು ಮದ್ದು. ಅದು ಪತ್ರಿಕೆಗಳ ತುಂಬ ಸಿಕ್ಕಿತು. ಹೋಮಿಯೋಪತಿಯವರು ಬಂದರು. ಹಸುವಿನ ಕೊರಳಿಗೆ ಈರುಳ್ಳಿ ಕಟ್ಟಿದರು. ಸಿಲೋನಿನಲ್ಲಿ ಕಾಫಿ ತೋಟ ಮಾಡಿದ್ದ ವರ್ಮ್ಸ್ ಎಂಬವರ ಹೆಸರಿನಲ್ಲಿ ಒಂದು ಮದ್ದು ಪ್ರಸಿದ್ಧವಾಯಿತು: ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಇಂಗು. ನಮ್ಮ ಒಗ್ಗರಣೆಯ ಸಾಮಾನೇ ಅಲ್ಲವೇ ಎಂದು ನನಗೆ ನಗು ಬಂತು. ಕೆಲವು ಹಸು ಚೇತರಿಸಿಕೊಂಡವೆಂಬ ಸುದ್ದಿ ಹಬ್ಬಿತು, ಬೇಗನೆ ಅದು ಹುಸಿಯಾಯಿತು. ಕೊನೆಗೆ 1866ರ ಫೆಬ್ರವರಿಯಲ್ಲಿ ಕಾನೂನು ಮಾಡಿ, ಗ್ಯಾಮ್ಜಿ ಹೇಳಿದ್ದ ದಾರಿಯಲ್ಲೇ ರೋಗವನ್ನು ಹತೋಟಿಗೆ ತಂದರು. ಅಷ್ಟರಲ್ಲಿ ಲಕ್ಷಾಂತರ ದನಗಳು ಹೋಗಿದ್ದವು.

ಭಾರತದಲ್ಲೂ ಇದೇ ರೋಗವೇ ಪಶುವೈದ್ಯವನ್ನು ಬೆಳೆಸಿತು. ಹ್ಯಾಲೆನ್ ನೇತೃತ್ವದ ಆಯೋಗ 1871ರಲ್ಲಿ ವರದಿ ಕೊಟ್ಟಿತು. 1886ರಲ್ಲಿ ಮುಂಬಯಿಯಲ್ಲಿ, 1903ರಲ್ಲಿ ಮದ್ರಾಸಿನಲ್ಲಿ ಪಶುವೈದ್ಯ ಕಾಲೇಜುಗಳು ಬಂದವು. ಮುಕ್ತೇಶ್ವರದ ಪ್ರಯೋಗಾಲಯಕ್ಕೆ 1897ರಲ್ಲಿ ರಾಬರ್ಟ್ ಕೋಖ್ ಬಂದುಹೋದ. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಸೀರಂ ತಯಾರಿಕೆಗೆ ತನ್ನದೇ ಸಂಸ್ಥೆ ಕಟ್ಟಿತು, 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಶುರುವಾಯಿತು. 2011ರಲ್ಲಿ ದೊಡ್ಡ ರೋಗ ಜಗತ್ತಿನಿಂದಲೇ ಮರೆಯಾಯಿತೆಂದು ಘೋಷಿಸಿದರು. ಅದನ್ನು ಸಾಧಿಸಿದ್ದು ಲಸಿಕೆ, ಕಾವಲು ಮತ್ತು ಹಳ್ಳಿ ಹಳ್ಳಿ ಅಲೆದವರ ಕಾಲು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಲೇಜಿನ ಸರ್ಟಿಫಿಕೇಟು ಇದ್ದವನೇ ಬಲ್ಲವನು, ಇಲ್ಲದವನೆಲ್ಲ ಠಕ್ಕನೇ? ಇತಿಹಾಸ ಹಾಗೆ ಹೇಳುವುದಿಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿ 1762ರಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ತೆರೆದ ಕ್ಲೋದ್ ಬೂರ್ಜೆಲಾ ಮೂಲತಃ ಕುದುರೆ ಸವಾರಿ ಕಲಿಸುತ್ತಿದ್ದವನು. 1791ರಲ್ಲಿ ಹುಟ್ಟಿದ ಲಂಡನ್ನಿನ ಕಾಲೇಜು ಮುಂದಿನ ದಶಕಗಳಲ್ಲಿ ಕೆಲವೇ ತಿಂಗಳು ಓದಿದವರಿಗೂ ಸರ್ಟಿಫಿಕೇಟು ಕೊಟ್ಟಿತು. ಅತ್ತ ಏಲೀನ್ ಕಸ್ಟ್ ಎಂಬ ಐರಿಷ್ ಹೆಣ್ಣುಮಗಳು 1900ರಲ್ಲಿ ಪಶುವೈದ್ಯ ವ್ಯಾಸಂಗವನ್ನು ಪೂರ್ತಿ ಮುಗಿಸಿದರೂ ಹೆಂಗಸೆಂಬ ಕಾರಣಕ್ಕೆ ಲಂಡನ್ನಿನ ರಾಯಲ್ ಕಾಲೇಜು ಅಂತಿಮ ಪರೀಕ್ಷೆಗೆ ಕೂರಿಸಲಿಲ್ಲ. ಇಪ್ಪತ್ತೆರಡು ವರ್ಷ ಆಕೆ ಪದವಿಯಿಲ್ಲದೆಯೇ ದನ ಕುದುರೆಗಳಿಗೆ ಚಿಕಿತ್ಸೆ ಮಾಡಿದಳು. 1922ರಲ್ಲಷ್ಟೇ ಅವಳ ಹೆಸರು ದಾಖಲಾಯಿತು. ಆ ಇಪ್ಪತ್ತೆರಡು ವರ್ಷ ಕಾನೂನಿನ ಕಣ್ಣಿಗೆ ಅವಳು ಪಶುವೈದ್ಯೆಯಲ್ಲ. ಅವಳನ್ನು ಕರೆಸುತ್ತಿದ್ದ ರೈತರಿಗೆ ಮಾತ್ರ ಆಕೆ ಏನು ಬಲ್ಲಳೆಂದು ಗೊತ್ತಿತ್ತು, ಅವಳು ಎಲ್ಲಿ ಸಿಗುತ್ತಾಳೆಂಬುದೂ ಗೊತ್ತಿತ್ತು.

ಹಾಗಾದರೆ ನೋಂದಣಿ ಯಾಕೆ ಬೇಕು? ಬ್ರಿಟನ್ನಿನಲ್ಲಿ 1881ರ ಕಾಯ್ದೆ ಪಶುವೈದ್ಯ ಎಂಬ ಹೆಸರನ್ನು ಮಾತ್ರ ಕಾಪಾಡಿತು. ಹೆಸರು ಹಾಕಿಕೊಳ್ಳದೆ ಮದ್ದು ಕೊಡಲು ಯಾರ ಅಡ್ಡಿಯೂ ಇರಲಿಲ್ಲ. ಕೆಲಸಕ್ಕೇ ಬೇಲಿ ಬಿದ್ದದ್ದು 1948ರಲ್ಲಿ. ನಮ್ಮ ದೇಶದ ಪಶುವೈದ್ಯ ಪರಿಷತ್ ಕಾಯ್ದೆ 1984ರದು. ನೋಂದಾಯಿತರಲ್ಲದವರು ಪಶುವೈದ್ಯ ವೃತ್ತಿ ಮಾಡುವಂತಿಲ್ಲ ಎಂದು ಅದರ 30ನೇ ಕಲಂ ಹೇಳುತ್ತದೆ. ಡಿಪ್ಲೊಮಾ ಪಡೆದವರು ಸರ್ಕಾರದ ಅನುಮತಿಯಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು, ಅಷ್ಟೆ. ನನಗೆ ತಿಳಿದಂತೆ ನೋಂದಣಿಯ ದೊಡ್ಡ ಉಪಯೋಗ ಜಾಣತನದ ಗ್ಯಾರಂಟಿಯಲ್ಲ. ಪಟ್ಟಿಯಲ್ಲಿರುವ ಹೆಸರನ್ನು ಪಟ್ಟಿಯಿಂದ ತೆಗೆಯಲೂಬಹುದು. ಅಜ್ಜಿಯ ಊರಿನ ಬೀದಿಯ ಸಂಕೋಚವನ್ನು ಇಡೀ ದೇಶಕ್ಕೆ ಹಿಗ್ಗಿಸುವ ಉಪಾಯ ಅದು.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯ ಕಾಲೇಜು ಹುಡುಗಿಯ ಬೆಕ್ಕಿಗೆ ಜ್ವರ ಬಂತು. ರಾತ್ರಿ ಹತ್ತು ಗಂಟೆ. ಮೊಬೈಲಿನಲ್ಲಿ ಸಿಕ್ಕ ‘ಡಾಕ್ಟರ್’ ಒಬ್ಬ ಬೆಕ್ಕಿನ ತೂಕ ಕೇಳಿ, ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಹಾಕು, ಮಲಗಲಿ ಬಿಡು ಎಂದ. ತೂಕ ಕೇಳಿದ್ದರಿಂದ ಅವಳಿಗೆ ಪೂರ್ತಿ ನಂಬಿಕೆ ಬಂತು. ಬೆಳಿಗ್ಗೆ ಅವಳು “ಅಂಕಲ್, ಬೆಕ್ಕಿನ ಒಸಡು ಕಂದು ಬಣ್ಣಕ್ಕೆ ತಿರುಗಿದೆ” ಎಂದು ಬಾಗಿಲು ತಟ್ಟಿದಾಗ ಅದರ ಮುಖ ಊದಿ, ಉಸಿರು ಮೇಲಕ್ಕೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪ್ರತಿವಿಷ ಕೊಟ್ಟರು. “ರಾತ್ರಿಯೇ ಬಂದಿದ್ದರೆ ಒಂದು ದಾರಿಯಿತ್ತು” ಎಂದಷ್ಟೇ ಹೇಳಿದರು. ಮರುದಿನ ಸಂಜೆ ಬೆಕ್ಕು ಸತ್ತಿತು. ಹುಡುಗಿ ಆ ಮನುಷ್ಯನ ನೋಂದಣಿ ಸಂಖ್ಯೆ ಕೇಳಿದಾಗ ಅವನು ಅವಳನ್ನು ಬ್ಲಾಕ್ ಮಾಡಿದ.

ಪ್ಯಾರಾಸಿಟಮಾಲನ್ನು ನಿರಪಾಯಕರ ರೂಪಕ್ಕೆ ತಿರುಗಿಸಿ ಹೊರಹಾಕುವ ಕಿಣ್ವ ನಮ್ಮ ಯಕೃತ್ತಿನಲ್ಲಿದೆ. ಬೆಕ್ಕಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಉಳಿದ ವಿಷ ರಕ್ತಕಣಗಳ ಮೇಲೆ ಬೀಳುತ್ತದೆ, ರಕ್ತ ಆಮ್ಲಜನಕ ಹೊರಲಾರದೆ ಕಂದಾಗುತ್ತದೆ. ತೂಕದ ಲೆಕ್ಕ ಎಷ್ಟೇ ಸರಿಯಿದ್ದರೂ ಪ್ರಾಣಿಯೇ ಬೇರೆ. ಇಂಥವು ಇನ್ನೂ ಇವೆ. ವರ್ಮ್ಸ್ ಮದ್ದಿನ ಈರುಳ್ಳಿ, ಬೆಳ್ಳುಳ್ಳಿಗಳನ್ನು ಇವತ್ತು ಜಂತುಹುಳುವಿಗೆ, ಉಣ್ಣೆಗೆ ಎಂದು ನಾಯಿಗೆ ತಿನ್ನಿಸುವವರಿದ್ದಾರೆ. ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುವ ಗುಣ ಅವೆರಡರಲ್ಲೂ ಇದೆ. ದನಕ್ಕೆ, ಕುರಿಗೆ ಕೊಡುವ ಐವರ್ಮೆಕ್ಟಿನ್ ಕೋಲಿ ಜಾತಿಯ ಅನೇಕ ನಾಯಿಗಳ ಮಿದುಳಿಗೆ ನೇರವಾಗಿ ಇಳಿಯುತ್ತದೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷ ಪತ್ತೆಯಾದದ್ದು 2001ರಲ್ಲಿ. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ಸೆಳವು ತರುತ್ತದೆ. ಇವೆಲ್ಲ ಐದೂವರೆ ವರ್ಷದ ಓದಿನಲ್ಲಿ ಕಲಿಯುವ ವಿಷಯಗಳು, ನಾಯಿಯ ಮೇಲಿನ ಪ್ರೀತಿಯಿಂದ ಹೊಳೆಯುವಂಥವಲ್ಲ.

ದೂರದ ಸಲಹೆ ಕೇಳಲೇಬಾರದು ಎಂದು ನಾನು ಹೇಳುತ್ತಿಲ್ಲ. ತಾಲೂಕಿನ ಪಶು ಆಸ್ಪತ್ರೆ ಸಂಜೆ ಬಾಗಿಲು ಹಾಕುತ್ತದೆ, ನಗರದ ಖಾಸಗಿ ಕ್ಲಿನಿಕ್ಕಿನ ಬಿಲ್ಲು ಎಲ್ಲರ ಕೈಗೆಟುಕುವುದಿಲ್ಲ. ಜನ ಮೊಬೈಲಿನ ಕಡೆ ಕೈ ಚಾಚುವುದು ಮೂರ್ಖತನದಿಂದಲ್ಲ. ಆದರೆ ಕೇಳುವಾಗ ಮೂರು ಸಂಗತಿ ಗಮನಿಸಬಹುದು. ಯಾವ ರಾಜ್ಯದ ಪರಿಷತ್ತಿನಲ್ಲಿ ನೋಂದಣಿ, ಸಂಖ್ಯೆ ಎಷ್ಟು ಎಂದು ಕೇಳಿ. ನಿಜವಾದ ವೈದ್ಯರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಮದ್ದು ಹೇಳುವ ಮೊದಲು ಅವರು ಎಷ್ಟು ಪ್ರಶ್ನೆ ಕೇಳುತ್ತಾರೆ ನೋಡಿ. ಮದ್ದಿನ ಜೊತೆ ಮಾರಲು ಅವರ ಬಳಿಯೇ ಏನಾದರೂ ಇದೆಯೇ ನೋಡಿ. “ಇದನ್ನು ನೋಡದೆ ಹೇಳಲಾರೆ, ಕರೆದುಕೊಂಡು ಬನ್ನಿ” ಎಂದರೆ ಬೇಸರ ಬೇಡ. ಅಜ್ಜಿಯ ಊರಿನ ಮುದುಕರು “ನನ್ನ ಕೈಲಾಗೋದಲ್ಲವ್ವ” ಎಂದದ್ದೂ ಇದೇ ಮಾತು.

ಮಾರ್ಕಮ್ 1637ರಲ್ಲಿ ತೀರಿಕೊಂಡ. ಅವನ ಕುದುರೆ ಮದ್ದಿನ ಪುಸ್ತಕ ಮಾತ್ರ ಹದಿನೆಂಟನೆಯ ಶತಮಾನದಲ್ಲೂ ಮರುಮುದ್ರಣವಾಗಿ ಮಾರಾಟವಾಗುತ್ತಿತ್ತು. ಇನ್ನು ಬರೆಯುವುದಿಲ್ಲ ಎಂದು ಬರೆಸಿಕೊಂಡಿದ್ದರೇ ಹೊರತು, ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಅವನಿಂದ ಯಾರೂ ಬರೆಸಿಕೊಂಡಿರಲಿಲ್ಲ.